ಪಿತೃಪಕ್ಷದಲ್ಲಿ ಬಂದೂಕು ತರಬಾರದು

ನಮ್ಮ ಮನೆಗೆ ಕಳ್ಳ ನುಗ್ಗಿದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಮಟಮಟ ಮಧ್ಯಾಹ್ನ. ನಾನು, ನಮ್ಮನೆಯವರು ಇಬ್ಬರೂ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ. ಅತ್ತೆ ಒಬ್ಬರೇ ಮಹಡಿ ಮೇಲಿನ ರೂಮಿನಲ್ಲಿದ್ದರು. ಕೆಳಗೆ ಗಾಜು ಒಡೆದ ಸದ್ದು ಕೇಳಿ, ಪಕ್ಕದ ಮನೆ ಬೆಕ್ಕು ಅಂದುಕೊಂಡು "ಥೂ, ಹೋಗಾಚೆ" ಅಂತ ಕೂಗಿದರಂತೆ. ಬೆಕ್ಕು ಕೆಮ್ಮಿತಂತೆ. ಗಂಡಸಿನ ಕೆಮ್ಮು. ಅತ್ತೆ ಬಾಗಿಲು ಹಾಕಿಕೊಂಡು, ಊರಿಂದ ತಂದ ದೊಡ್ಡ ಸೂಟ್‌ಕೇಸನ್ನು ಅಡ್ಡಕ್ಕೆ ದಬ್ಬಿ, ಅದರ ಮೇಲೇ ಕೂತುಬಿಟ್ಟರು. ಫೋನು ಕೆಳಗೆ ಚಾರ್ಜಿಗೆ ಹಾಕಿತ್ತು. ನಾನು ಬಂದು ಬಾಗಿಲು ತಟ್ಟುವ ತನಕ ಮೂರು ಗಂಟೆ ಕಾಲ ಹಾಗೇ ಕೂತಿದ್ದರು.

ಕಳ್ಳ ಒಯ್ದದ್ದೇನು ಅಂತ ಕೇಳಿದರೆ ನಗಬೇಕು. ಚಿನ್ನ ಇದ್ದದ್ದು ಬ್ಯಾಂಕಿನ ಲಾಕರಿನಲ್ಲಿ. ಹಾಲಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ ಮೂವತ್ತು ರಿಟರ್ನ್ ಗಿಫ್ಟ್ ಚೀಲಗಳನ್ನು ಹೊತ್ತುಕೊಂಡು ಹೋಗಿದ್ದ. ಒಂದೊಂದರಲ್ಲೂ ಒಂದು ಜರ್ಮನ್ ಸಿಲ್ವರ್ ತಟ್ಟೆ, ಒಂದು ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣ, ಎರಡು ಬಟ್ಟಲಡಿಕೆ. ಪೊಲೀಸಿನವನು ಪಟ್ಟಿ ಬರೆದುಕೊಳ್ಳುತ್ತಾ, "ಈ ಹಳದಿ ಪುಡಿಯ ಪೊಟ್ಟಣ ಮೂವತ್ತೂ ಬರೆಯಬೇಕಾ?" ಅಂತ ಕೇಳಿದ. ಅತ್ತೆ ಬರೆಯಬೇಕು ಅಂದರು. ಇಡೀ ಅಮೆರಿಕದಲ್ಲಿ ಗಂಡಸೊಬ್ಬ ಒಂದೇ ಸಲಕ್ಕೆ ಮೂವತ್ತು ಮುತ್ತೈದೆಯರ ಬಾಗಿನ ತೆಗೆದುಕೊಂಡು ಹೋದದ್ದು ಅದೇ ಮೊದಲಿರಬೇಕು.

ಆದರೆ ಅತ್ತೆ ನಗಲಿಲ್ಲ. ಮಾರನೆಯ ದಿನ ಹಬ್ಬ ಮಾಡಿದರು, ಹೋಳಿಗೆ ತಟ್ಟಿದರು, ಬಂದ ಮುತ್ತೈದೆಯರಿಗೆ ಬರೀ ಹಣ್ಣು ಕೊಟ್ಟು ಕಳಿಸಿದರು. ಸೋಮವಾರ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ನೋಡಿದರೆ, ಸ್ವೆಟರ್ ಹಾಕಿ, ಕೈಚೀಲ ತೊಡೆ ಮೇಲಿಟ್ಟುಕೊಂಡು, ಮುಂಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದಾರೆ. ಏನತ್ತೆ ಅಂದರೆ, "ಏನಿಲ್ಲ, ನೀವು ಹೋಗಿ. ನೀವು ಬರೋವರೆಗೂ ಇಲ್ಲೇ ಕೂತಿರ್ತೀನಿ" ಅಂದರು. ನಾನು ಅಲ್ಲೇ ನಿಂತು ಮ್ಯಾನೇಜರಿಗೆ ಫೋನು ಮಾಡಿ ಒಂದು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಕೇಳಿಕೊಂಡೆ. ಒಪ್ಪಿದಳು, ಒಂದೇ ತಿಂಗಳು ಅಂತ ಒತ್ತಿ ಹೇಳಿ. ಆ ತಿಂಗಳೊಳಗೆ ಅತ್ತೆಗೆ ಹಗಲುಹೊತ್ತು ಈ ಮನೆಯಲ್ಲಿ ಒಬ್ಬರೇ ಇರುವ ಧೈರ್ಯ ಬರಬೇಕಾಗಿತ್ತು.

ನಮ್ಮನೆಯವರು ಧೈರ್ಯ ಅನ್ನುವುದನ್ನು ಅಂಗಡಿಯಲ್ಲಿ ಕೊಂಡು ತರಬಹುದು ಅಂತ ತೀರ್ಮಾನಿಸಿದರು. ಗಾಜು ಹಾಕಿಸಿ, ಕ್ಯಾಮೆರಾ ಹಾಕಿಸಿ, ಆಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ, "ಒಂದು ಗನ್ನು ತಗೋಳೋಣ ಅಂತಿದೀನಿ" ಅಂದರು.

"ಅಪ್ಪಾ, ನೋ" ಅಂದಳು ಮಗಳು.

"ನಮ್ಮಲ್ಲಿ ಜೇನುಗೂಡು ಬಿಡಿಸೋಕ್ಕೂ ಆಳು ಕರೀತಿದ್ರು ಕಣೋ" ಅಂದರು ಅತ್ತೆ.

ನಮ್ಮನೆಯವರದು ಇಂಜಿನಿಯರ್ ಬುದ್ಧಿ. ಮಿಕ್ಸಿ ಕೊಳ್ಳುವಾಗ ಹದಿನಾರು ಕಾಲಮಿನ ಸ್ಪ್ರೆಡ್‌ಶೀಟ್ ಮಾಡಿದ್ದ ಮನುಷ್ಯ, ಇದಕ್ಕೆ ಇಪ್ಪತ್ತೆರಡು ಕಾಲಮ್ ಮಾಡಿದರು. ತೂಕ, ಉದ್ದ, ಸದ್ದು, ಗುಂಡು ಹಾರಿದಾಗಿನ ಒದೆತ, ತೊಳೆಯಲು ಎಷ್ಟು ಸುಲಭ. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, "ಒಬ್ಬ ಫ್ರೆಂಡಿಗೆ ಬೇಕಂತೆ, ಯಾವುದು ಒಳ್ಳೇದು?" ಅಂತ ಹಾಕಿದರು. ಆಮೇಲೆ ಹನ್ನೊಂದು ಜನ, ತಮ್ಮ ತಮ್ಮ ಫ್ರೆಂಡಿನ ಹತ್ತಿರ ಯಾವುದಿದೆ, ಆ ಫ್ರೆಂಡು ಅದನ್ನು ಯಾವ ಕಪಾಟಿನಲ್ಲಿಟ್ಟಿದ್ದಾನೆ, ಫ್ರೆಂಡಿನ ಹೆಂಡತಿ ಏನಂದಳು ಎಲ್ಲವನ್ನೂ ಬರೆದರು. ಲಾಸ್ ಆಲ್ಟೋಸಿನ ಡಾಕ್ಟರೊಬ್ಬರು, ಆರು ಜನ ಸೇರಿ ಒಟ್ಟಿಗೆ ಕೊಂಡರೆ ಕಡಿಮೆಗೆ ಸಿಗುತ್ತದಾ ವಿಚಾರಿಸಿ ಅಂದರು. ಮಾವಿನಹಣ್ಣಿನ ಡಬ್ಬಿಗೆ ನಾವು ಹಾಗೇ ಮಾಡುವುದು.

ಇಲ್ಲಿ ಬಂದೂಕು ಕೊಳ್ಳುವುದಕ್ಕೆ ಮೊದಲು ಒಂದು ಲಿಖಿತ ಪರೀಕ್ಷೆ ಬರೆಯಬೇಕು. ನಮ್ಮನೆಯವರು ವಾರವಿಡೀ ಓದಿದರು. ಅತ್ತೆ ಪುಸ್ತಕ ಕೈಯಲ್ಲಿ ಹಿಡಿದು, ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಇವರು ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತು ಉತ್ತರ ಹೇಳುವುದು. ಪರೀಕ್ಷೆಯಲ್ಲಿ ಒಂದು ತಪ್ಪಾಯಿತು. ಪಾಸಾದ ಸಂತೋಷಕ್ಕಿಂತ ಆ ಒಂದರ ದುಃಖವೇ ಎರಡು ದಿನ ಇತ್ತು.

ಗಣೇಶನ ಹಬ್ಬ ಮುಗಿದ ಮೇಲಿನ ಶನಿವಾರ ಅಂಗಡಿಗೆ ಹೊರಟೆವು. ಮನೆಗೆ ಬರುವ ಸಾಮಾನು, ಹಿರಿಯರು ಮುಟ್ಟಿ ನೋಡದೆ ಹೇಗೆ ತರುವುದು ಅಂತ ಅತ್ತೆಯೂ ಮೈಸೂರು ಸಿಲ್ಕ್ ಉಟ್ಟು ಹೊರಟರು. ಅಂಗಡಿಯವನು ಎದೆಯವರೆಗೆ ಬಿಳಿ ಗಡ್ಡ ಬಿಟ್ಟ ಭಾರೀ ಆಳು. ಮೊದಲು ಉದ್ದನೆಯದೊಂದನ್ನು, ಒಳಗೆ ಗುಂಡಿಲ್ಲ ಅಂತ ತೆಗೆದು ತೋರಿಸಿ, ಗಾಜಿನ ಮೇಜಿನ ಮೇಲಿಟ್ಟ. ಅತ್ತೆ ಅದನ್ನು ಎರಡು ಕೈಯಲ್ಲೂ ಎತ್ತಿ, ಒನಕೆ ನೋಡುವ ಹಾಗೆ ನೆಟ್ಟಗೆ ನಿಲ್ಲಿಸಿ, "ತೂಕ ಎಲ್ಲಾ ಒಂದೇ ಕಡೆ ಇದೆ. ಕುಟ್ಟೋಕೆ ಬರಲ್ಲ" ಅಂದರು.

"ಅಮ್ಮಾ, ಇದರಲ್ಲಿ ಕುಟ್ಟಲ್ಲ."

"ಗುಂಡು ಮುಗಿದ ಮೇಲೆ ಮತ್ತೇನು ಮಾಡ್ತಿ?"

ಅಂಗಡಿಯವನಿಗೆ ನಾನು ತರ್ಜುಮೆ ಮಾಡಿ ಹೇಳಿದೆ. ಅವನು ಗಡ್ಡ ನೀವಿಕೊಂಡು, ಅಜ್ಜಿ ಹೇಳಿದ್ದು ಒಳ್ಳೆಯ ಪ್ರಶ್ನೆ ಅಂದ.

ಆಮೇಲೆ ಚಿಕ್ಕವು ಬಂದವು. ಅತ್ತೆಯ ಪ್ರಕಾರ ಒಂದು ಬಹಳ ಕಪ್ಪು, ಮಂಗಳವಾರ ಮುಟ್ಟೋ ಹಾಗಿಲ್ಲ. ಒಂದರ ಹಿಡಿ ಒರಟು. ಇದೇ ಮಾದರಿಯಲ್ಲಿ ಬೇರೆ ಬಣ್ಣ ಇದೆಯಾ ಕೇಳು ಅಂದರು ಅತ್ತೆ. ಕೇಳಬೇಡ ಅಂತ ನಮ್ಮನೆಯವರು ಕಣ್ಣಲ್ಲೇ ಬೇಡಿಕೊಂಡರು, ನಾನು ಕೇಳಿಯೇಬಿಟ್ಟೆ. ಇತ್ತು! ತಿಳಿ ಗುಲಾಬಿ. ಅತ್ತೆಗೆ ಒಪ್ಪಿಗೆಯಾಯಿತು. ಹಾರಿಸುವ ಮೊದಲು ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಬೇಕು ಅಂತ ಅವನು ತೋರಿಸಿದ. ಅತ್ತೆ ಎಳೆದರೆ ಅಲುಗಲಿಲ್ಲ. ನಾನು ಎಳೆದರೂ ಅಲುಗಲಿಲ್ಲ. ನಮ್ಮನೆಯವರು ಎಳೆದರು, ಅಲುಗಿತು, ಕಿರುಬೆರಳು ಸಿಕ್ಕಿಕೊಂಡಿತು. ಅಂಗಡಿಯವನು ಒಳಗಿಂದ ಬ್ಯಾಂಡೇಜು ತಂದುಕೊಟ್ಟ.

ಕಡೆಗೆ ಅವನೇ ಒಂದು ಹಳೇ ಮಾದರಿಯ ರಿವಾಲ್ವರ್ ಹುಡುಕಿ ಕೊಟ್ಟ. ಎಳೆಯುವುದು ಗಿಳೆಯುವುದು ಏನಿಲ್ಲ. ಇದೇ ಇರಲಿ ಅಂದರು ನಮ್ಮನೆಯವರು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ಡಿಸ್‌ಪ್ಲೇ ಪೀಸು ಬೇಡ, ಎಲ್ಲರೂ ಮುಟ್ಟಿರ್ತಾರೆ. ಒಳಗಿಂದ ಹೊಸ ಡಬ್ಬ ತೆಗೆದು ಕೊಡು ಅನ್ನು" ಅಂದರು.

ಫಾರಮ್ಮು ತುಂಬುವಾಗ ಅಂಗಡಿಯವನು, ಇದನ್ನು ಬಳಸುವವರು ಯಾರು ಅಂತ ಕೇಳಿದ. ಹೆಸರು ನನ್ನದು, ಹಗಲು ಮನೆಯಲ್ಲಿರೋದು ಅಮ್ಮ, ಅಂದರು ನಮ್ಮನೆಯವರು. ಅವನು ಪೆನ್ನು ಕೆಳಗಿಟ್ಟ. ನಿಮ್ಮ ಹೆಸರಿನದಾದರೆ, ನೀವು ಮನೆಯಲ್ಲಿಲ್ಲದಾಗ ಅದು ಪೆಟ್ಟಿಗೆಯಲ್ಲಿ ಬೀಗ ಹಾಕಿರಬೇಕು, ಬೀಗದ ಕೈ ನಿಮ್ಮ ಜೇಬಿನಲ್ಲಿರಬೇಕು ಅಂದ. ನಾನು ಅದನ್ನು ಅತ್ತೆಗೆ ಹೇಳಿದೆ.

ಅತ್ತೆ ಮಗನ ಕಡೆ ತಿರುಗಿದರು. "ಅಂದ್ರೆ, ಕಳ್ಳ ಬಂದಾಗ ನಿನಗೆ ಫೋನ್ ಮಾಡಬೇಕು. ನೀನು ಬೀಗದ ಕೈ ತಗೊಂಡು ಲಾಸ್ ಗ್ಯಾಟೋಸಿನ ಆಫೀಸಿಂದ ಬರಬೇಕು."

"ಅದು... ಟ್ರಾಫಿಕ್ ಇಲ್ಲದಿದ್ರೆ ಅರ್ಧ ಗಂಟೆ ಅಮ್ಮ."

"ಅಲ್ಲೀವರೆಗೂ ಅವನಿಗೆ ಕಾಫಿ ಕೊಟ್ಟು ಕೂರಿಸಿರ್ತೀನಿ. ಸಕ್ಕರೆ ಹಾಕಲೋ ಬೇಡ್ವೋ, ಅದೂ ಕೇಳಿಕೋ ಫಾರಮ್ಮಿನಲ್ಲಿ."

ಆದರೂ ನಮ್ಮನೆಯವರು ಹೆಬ್ಬೆಟ್ಟು ಒತ್ತಿದರು. ಇಪ್ಪತ್ತೆರಡು ಕಾಲಮ್ ವ್ಯರ್ಥವಾಗಬಾರದಲ್ಲ. ಅಂಗಡಿಯವನು ನಿಯಮ ಹೇಳಿದ: ಹತ್ತು ದಿನ ಕಾಯಬೇಕು, ಆಮೇಲೆ ಬಂದು ಒಯ್ಯಬಹುದು. ಆದರೆ ಇವತ್ತಿನಿಂದ ಮೂವತ್ತು ದಿನದೊಳಗೆ ಒಯ್ಯದಿದ್ದರೆ ಎಲ್ಲಾ ರದ್ದು, ಮತ್ತೆ ಮೊದಲಿಂದ.

ಹತ್ತು ದಿನ ಕಳೆಯಿತು. ನನ್ನ ತಿಂಗಳೂ ಮುಗಿಯುತ್ತಾ ಬಂದಿತ್ತು. ನಮ್ಮನೆಯವರು ಬಂದೂಕಿಡುವ ಪೆಟ್ಟಿಗೆಯನ್ನು ನೈಋತ್ಯದ ಗೋಡೆಗೆ ಬೋಲ್ಟು ಹಾಕಿ ಕೂರಿಸಿ, "ನಾಳೆ ಹೋಗಿ ತರ್ತೀನಿ" ಅಂದರು.

ಅತ್ತೆ ಪಂಚಾಂಗದಿಂದ ಕಣ್ಣೆತ್ತದೆ, "ಈಗ ತರೋ ಹಾಗಿಲ್ಲ. ಪಕ್ಷಮಾಸ ಶುರುವಾಯ್ತು" ಅಂದರು.

"ಅಮ್ಮಾ, ಅದು ಹೊಸ ಬಟ್ಟೆ, ಹೊಸ ಕಾರಿಗೆ. ಇದಕ್ಕೂ ಇದೆಯಾ?"

"ಅದಕ್ಕಿಂತ ಹೆಚ್ಚಾಗಿ ಇದಕ್ಕೇ ಇರೋದು. ಈ ಹದಿನೈದು ದಿನ ಹಿರೀಕರೆಲ್ಲಾ ಮನೆಗೆ ಬರ್ತಾರೆ. ನಿಮ್ಮಪ್ಪ ಬರ್ತಾರೆ. ನಿಮ್ಮ ತಾತ ಬರ್ತಾರೆ, ಅವರಿಗೆ ಮೊದಲೇ ಎದೆ ವೀಕು. ಏಳು ಸಮುದ್ರ ದಾಟಿ ಬಂದವರಿಗೆ ಬಾಗಿಲಲ್ಲಿ ಬಂದೂಕು ತೋರಿಸ್ತೀಯಾ?"

ಸತ್ತವರಿಗೆ ಗುಂಡು ತಾಕುವುದಿಲ್ಲ ಅಂತ ಹೇಳಹೊರಟದ್ದು ನಮ್ಮನೆಯವರ ಮುಖದಲ್ಲಿ ಕಾಣುತ್ತಿತ್ತು. ಯಾವ ಮಗ ತಾಯಿಗೆ ಆ ಮಾತು ಹೇಳುತ್ತಾನೆ?

ನನ್ನ ಚಿಂತೆಯೇ ಬೇರೆ. ಸೋಮವಾರದಿಂದ ನಾನು ಆಫೀಸಿಗೆ ಹೋಗಲೇಬೇಕು. ಹೇಗೆ ಹೇಳಲಿ ಅಂತ ಒದ್ದಾಡುತ್ತಿದ್ದಾಗ ಅತ್ತೆಯೇ, "ನೀನು ಯಾಕಮ್ಮ ರಜ ಕೇಳ್ತೀಯಾ, ಹೋಗು. ಮನೆ ತುಂಬಾ ಜನ ಇದಾರೆ" ಅಂದರು. ನಾನು ಸುತ್ತ ನೋಡಿದೆ. ಮನೆಯಲ್ಲಿ ನಾವಿಬ್ಬರೇ.

ಅವರು ತಮಾಷೆಗೆ ಹೇಳಿದ್ದಲ್ಲ. ಆ ಹದಿನೈದು ದಿನ ಅವರು ಬಾಗಿಲ ಪಕ್ಕದ ಕುರ್ಚಿ ಮುಟ್ಟಲಿಲ್ಲ. ತರಕಾರಿ ಹೆಚ್ಚುತ್ತಾ ತಮ್ಮ ಅತ್ತೆಯ ಜೊತೆ ಮಾತಾಡುತ್ತಿದ್ದರು. ನನ್ನ ಮಗಳ ಮುತ್ತಜ್ಜಿಯಾದ ಅವರು ತೀರಿಕೊಂಡು ಮೂವತ್ತು ವರ್ಷವಾಗಿತ್ತು. ನಾನು ಮಧ್ಯಾಹ್ನ ಫೋನು ಮಾಡಿದರೆ, "ಹೂಂ, ಹೇಳು, ಬೇಗ. ಇಲ್ಲಿ ನಿನ್ನ ಸಾರಿನ ಪುಡಿ ವಿಷಯ ಮಾತಾಡ್ತಿದೀವಿ" ಅನ್ನುತ್ತಿದ್ದರು. ಸ್ಕೂಲಿಂದ ಬೇಗ ಬಂದ ಮಗಳು ಒಂದು ದಿನ ನನಗೆ ಫೋನು ಮಾಡಿ ಪಿಸುಗುಟ್ಟಿದಳು: "ಅಮ್ಮಾ, ಅಜ್ಜಿ ಈಸ್ ಟಾಕಿಂಗ್ ಟು ನೋಬಡಿ." ಹಿಂದಿನಿಂದ ಅತ್ತೆಯ ದನಿ: "ನೋಬಡಿ ಅಂತೆ! ಕೇಳಿಸ್ಕೊಂಡ್ರಾ ಅತ್ತೆ, ನಿಮ್ಮ ಮರಿಮಗಳು ನಿಮ್ಮನ್ನ ಏನಂದ್ಲು?"

ಮಹಾಲಯ ಅಮಾವಾಸ್ಯೆ ಬಂತು. ಎಡೆ ಇಟ್ಟು, ಎಲ್ಲರ ಹೆಸರೂ ಹೇಳಿ, ಹಿರೀಕರನ್ನು ಕಳಿಸಿಕೊಟ್ಟೆವು. ಮಾರನೆಯ ಬೆಳಿಗ್ಗೆ ಅತ್ತೆಯ ಮುಖ ಇಳಿದುಹೋಗಿತ್ತು. ನಾನು ಹೊರಡುವಾಗ ಸೆರಗು ಹೊದ್ದುಕೊಂಡು ಬಂದು, ಮೆಲ್ಲಗೆ, "ನಿನ್ನ ಆಫೀಸಿನ ಹತ್ರ ಕಾರಲ್ಲೇ ಕೂತಿರ್ತೀನಿ ಕಣೇ, ಸಾಯಂಕಾಲದವರೆಗೂ. ತೊಂದ್ರೆ ಕೊಡಲ್ಲ" ಅಂದರು. ಎಪ್ಪತ್ತನಾಲ್ಕು ವರ್ಷದ ಹೆಂಗಸು ಹಾಗೆ ಕೇಳಬಾರದು. ಅವತ್ತು ಹುಷಾರಿಲ್ಲ ಅಂತ ಸುಳ್ಳು ಹೇಳಿ ರಜ ಹಾಕಿದೆ. ನಮ್ಮನೆಯವರಿಗೂ ಸಿಟ್ಟು ಬಂತು. "ಸಾಕು. ಇವತ್ತೇ ತರ್ತೀನಿ" ಅಂದರು.

"ಇವತ್ತು ಗೊಂಬೆ ಕೂರಿಸೋದು. ತಂದ್ರೆ ಆಯುಧಪೂಜೆ ದಿನ ತಾ. ಅವತ್ತು ಮನೆಗೆ ಆಯುಧ ಬಂದ್ರೆ ಅದಕ್ಕೊಂದು ಅರ್ಥ ಇದೆ" ಅಂದರು ಅತ್ತೆ.

ರಜ ಹಾಕಿದ್ದು ಗೊಂಬೆಗಾಯಿತು. ಇಬ್ಬರೂ ಸೇರಿ ಹಲಗೆ ಮೇಲೆ ಹಲಗೆ ಇಟ್ಟು, ಪಟ್ಟದ ಗೊಂಬೆಗಳನ್ನು ಕೂರಿಸಿ, ಅತ್ತೆ ನಂದಾದೀಪ ಹಚ್ಚಿದರು. ಒಂಬತ್ತು ದಿನ ಆರಬಾರದ ದೀಪ. ಮೇಲೆ ಹೊಗೆ ಅಲಾರಮ್ಮು, ಸುತ್ತ ಮರದ ಮನೆ, ಪಕ್ಕದಲ್ಲಿ ಪರದೆ. ಮಾರನೆಯ ದಿನ ನಾನು ಅಳುಕುತ್ತಾ, "ಅತ್ತೆ, ಕಾರಿನಲ್ಲಿ ಬರ್ತೀರಾ?" ಅಂದೆ.

ಅವರು ನನ್ನನ್ನು ತಲೆಕೆಟ್ಟವಳನ್ನು ನೋಡುವ ಹಾಗೆ ನೋಡಿದರು. "ದೀಪ ಹಚ್ಚಿಟ್ಟು, ಗೊಂಬೆ ಕೂರಿಸಿಟ್ಟು, ಮನೆ ಬಿಟ್ಟು ಬರಲಾ? ಯಾರು ನೋಡಿಕೋತಾರೆ ಇವರನ್ನ?"

ಬೆಳಿಗ್ಗೆ ಎಣ್ಣೆ, ಮಧ್ಯಾಹ್ನ ಬತ್ತಿ, ಸಂಜೆ ಆರತಿ. ಹಿತ್ತಲ ಬಾಗಿಲಿನ ಚಿಲಕ ಅವರೇ ಎರಡೆರಡು ಸಲ ನೋಡುತ್ತಿದ್ದರು. ಪಾರ್ಸೆಲ್ ತಂದವನು ಬಾಗಿಲ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಕಿಟಕಿಯಿಂದ "ವಾಟ್?" ಅಂತ ಗದರುತ್ತಿದ್ದರಂತೆ. ಅವನು ಆಮೇಲಿಂದ ಡಬ್ಬಗಳನ್ನು ಗೇಟಿನ ಬಳಿಯೇ ಇಟ್ಟು ಓಡುತ್ತಿದ್ದ.

ಆಯುಧಪೂಜೆಗೆ ಎರಡು ದಿನ ಇದೆ ಅನ್ನುವಾಗ ಅಂಗಡಿಯಿಂದ ಫೋನು. ಇವತ್ತಿಗೆ ಮೂವತ್ತು ದಿನ ಮುಗಿಯಿತು, ಸಂಜೆಯೊಳಗೆ ಬನ್ನಿ. ನಮ್ಮನೆಯವರು ಖುದ್ದಾಗಿ ಹೋಗಿ, ನಾಡಿದ್ದು ನಮ್ಮಲ್ಲಿ ಎಲ್ಲಾ ಆಯುಧಗಳಿಗೂ ಪೂಜೆ ಮಾಡುವ ದಿನ, ದಯವಿಟ್ಟು ಎರಡು ದಿನ ಮುಂದಕ್ಕೆ ಹಾಕಿ ಅಂತ ಕೇಳಿದರು, ಕೈಮುಗಿಯುವುದೊಂದೇ ಬಾಕಿ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, ಅಂಥ ಹಬ್ಬ ಇದೆ ಅಂತ ಗೊತ್ತಿದ್ದರೆ ನಾನೂ ಮಾಡುತ್ತಿದ್ದೆ, ಆದರೆ ಕಂಪ್ಯೂಟರಿಗೆ ಗೊತ್ತಿಲ್ಲ ಅಂದನಂತೆ. ಈಗಲೇ ಒಯ್ಯುತ್ತೀರಾ ಅಂತಲೂ ಕೇಳಿದನಂತೆ. ಇವರು ಕಾರಿನಲ್ಲಿ ಕೂತು ಅಮ್ಮನಿಗೆ ಫೋನು ಮಾಡಿದರು.

"ಈಗ ಮಾತಾಡಿಸಬೇಡ, ಬತ್ತಿ ಬದಲಾಯಿಸ್ತಿದೀನಿ" ಅಂತ ಅತ್ತೆ ಇಟ್ಟುಬಿಟ್ಟರು.

ಅಮ್ಮನ ಒಪ್ಪಿಗೆ ಸಿಗದೆ ಇವರು ಬರಿಗೈಯಲ್ಲಿ ಬಂದರು. ಆಯುಧಪೂಜೆಗೆ ಕಾರು, ಈಳಿಗೆಮಣೆ, ಲ್ಯಾಪ್‌ಟಾಪು, ಗೋಡೆಗೆ ಬೋಲ್ಟು ಹಾಕಿದ್ದ ಖಾಲಿ ಪೆಟ್ಟಿಗೆ ಎಲ್ಲಕ್ಕೂ ಕುಂಕುಮ ಇಟ್ಟೆವು.

ವಿಜಯದಶಮಿ ಮುಗಿಯಿತು, ಗೊಂಬೆಗಳನ್ನು ಎತ್ತಿಟ್ಟಾಯಿತು, ದೀಪವೂ ಶಾಂತವಾಯಿತು. ಆಮೇಲಿನ ಸೋಮವಾರ ನಾನು ಆಫೀಸಿಗೆ ಹೊರಟೆ. ಈಗ ಮನೆಯಲ್ಲಿ ಹಿರೀಕರೂ ಇಲ್ಲ, ದೇವರೂ ಇಲ್ಲ, ಬಂದೂಕೂ ಇಲ್ಲ. ಅತ್ತೆ ಕಾಫಿ ಲೋಟ ಹಿಡಿದು ಬಾಗಿಲವರೆಗೂ ಬಂದರು. ನಾನು ಮೆಟ್ಟಿಲಿಳಿದೆ. ಹಿಂದೆ ಚಿಲಕ ಬಿದ್ದ ಸದ್ದಾಯಿತು. ನಾನು ಕಾರು ಹತ್ತದೆ, ಬೀಗದ ಕೈ ಹುಡುಕುವವಳ ಹಾಗೆ ನಟಿಸುತ್ತಾ, ಒಳಗಿಂದ ಕುರ್ಚಿ ಎಳೆಯುವ ಸದ್ದು ಬರುತ್ತದಾ ಅಂತ ಕಿವಿಗೊಟ್ಟು ನಿಂತೆ. ಹತ್ತು ಹದಿನೈದು ನಿಮಿಷ ನಿಂತೆನೋ ಏನೋ.

ಮಹಡಿಯ ಕಿಟಕಿ ತೆರೆಯಿತು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಳ್ಳುತ್ತಾ ಅತ್ತೆ ಬಗ್ಗಿ ನೋಡಿದರು.

"ಯಾರೋ ನಿಂತಿದಾರಲ್ಲಾ ಅಂತ ಬಂದೆ. ನೀನಾ? ಇನ್ನೂ ಹೋಗಿಲ್ವೇನೇ? ಏನು, ಕಾವಲು ಕಾಯ್ತಿದೀಯಾ? ಹೊರಡು ಹೊರಡು, ಮೀಟಿಂಗಿಗೆ ಹೊತ್ತಾಗುತ್ತೆ."