ಊಟವಿಲ್ಲದ ಬಿಹು

ವರ್ಷಕ್ಕೆ ಮೂರು ಸಲ ಬರುವ ಹಬ್ಬ. ಒಂದು ಸಲ ಕುಣಿಸುತ್ತೆ, ಒಂದು ಸಲ ಉಣಿಸುತ್ತೆ, ಇನ್ನೊಂದು ಸಲ? ನನಗೂ ಗೊತ್ತಿರಲಿಲ್ಲ.

ಪರದೇಶದಲ್ಲಿ, ಕ್ಯಾರಲ್ಟನ್ ಅನ್ನೋ ಊರಿನ ಅಂಗಡಿಯಲ್ಲಿ ನಾನು ಬಿಲ್ ಹಾಕುವಾಗ, ಬೆಂಗಳೂರಲ್ಲಿ ಕನ್ನಡ ಕಲಿತಿದ್ದ ಅಸ್ಸಾಮಿನ ಆಂಟಿಯೊಬ್ಬರು “ಸಂಜೆ ಬಿಹು, ಮನೆಗೆ ಬಾ” ಅಂದರು. ಬಿಟ್ಟಿ ಊಟ ಅಂತ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋದೆ. ಅಲ್ಲಿದ್ದದ್ದು ತುಳಸಿ ಮುಂದೆ ಒಂದು ಹಣತೆ, ತಟ್ಟೆಯಲ್ಲಿ ನೆನೆಸಿದ ಹೆಸರುಕಾಳು.

“ಕೇಕ್ ಎಲ್ಲಿ ಆಂಟಿ?” ಅಂತ ನಗಿಸಲು ಹೋಗಿ, ಹ್ಯಾಪಿ ಬರ್ತ್‌ಡೇ ಹಾಡಿ, ದೀಪ ಊದಿ ಆರಿಸಿಬಿಟ್ಟೆ.

ಆಂಟಿ ನಗಲಿಲ್ಲ. “ಇದು ಕಾತಿ ಬಿಹು ಕಣೋ. ಕಣಜ ಖಾಲಿ ಇರೋ ತಿಂಗಳು, ಹಬ್ಬದೂಟ ಇರಲ್ಲ. ಊರಲ್ಲಿ ತಮ್ಮನ ಗದ್ದೆ ಅರ್ಧ ನೀರುಪಾಲಾಗಿದೆ. ಉಳಿದ ಪೈರಾದರೂ ಕೈಗೆ ಬರಲಿ ಅಂತ ದೀಪ ಹಚ್ಚಿದ್ದೆ.” ಆಮೇಲೆ ಕಾಳಿನ ತಟ್ಟೆಯನ್ನು ನನ್ನ ಕಡೆಗೇ ಸರಿಸಿದರು.

ನಾನು ಕ್ಷಮೆ ಕೇಳಿ, ನನ್ನ ಕೈಯಾರೆ ದೀಪ ಹಚ್ಚಿಕೊಟ್ಟೆ.

ಇಲ್ಲ, ಸುಳ್ಳು. ಶೂ ಕೈಯಲ್ಲೇ ಹಿಡಿದು ಓಡಿಬಂದೆ. ಕ್ಷಮೆ ಕೇಳಿದ್ದು ಇದನ್ನು ಬರೆಯುವಾಗ ಸೇರಿಸಿದ್ದು.