ಕೆಂಪು ಗುರುತಿನ ಹನ್ನೆರಡು ಕರುಗಳು

೧೯೮೪ನೇ ಇಸವಿ, ನವೆಂಬರ್ ೧೭, ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನನ್ನ ದಿನಚರಿಯಲ್ಲಿ ಮೊದಲ ಕರುವಿನ ತೂಕ ಬರೆದದ್ದು ಆ ಹೊತ್ತಿಗೆ. ಅರಬ್ಬರ ನಾಡಿನ ಹಾಯಿಲ್ ಪಟ್ಟಣದಿಂದ ಆ ದನದ ದೊಡ್ಡಿಗೆ ಪಿಕಪ್ಪಿನಲ್ಲಿ ನಲವತ್ತು ನಿಮಿಷದ ದಾರಿ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ದೂರದ ಅಜಾ ಬೆಟ್ಟಗಳು ನೀರಿಗೆ ಹಾಕಿದ ಹೊಸ ಬಟ್ಟೆಯ ಹಾಗೆ ಆಕಾಶಕ್ಕೆ ಮೆಲ್ಲನೆ ಬಣ್ಣ ಬಿಡುತ್ತಿದ್ದವು. ಚಳಿಗೆ ಇಪ್ಪತ್ತನಾಲ್ಕು ಕರುಗಳ ಉಸಿರು ಆವಿಯಾಗಿ ಒಂದಕ್ಕೊಂದು ಸೇರಿಕೊಂಡು ದೊಡ್ಡಿಯ ಮೇಲೆ ಒಂದು ಸಣ್ಣ ಮೋಡವಾಗಿ ನಿಂತಿತ್ತು. ಮರಳುಗಾಡಿನಲ್ಲಿ ನಾನು ನೋಡಿದ ಮೊದಲ ಮೋಡ ಅದು ಎಂದು ಬರೆದುಕೊಂಡಿದ್ದೇನೆ. ಅದರ ಕೆಳಗೆ: ಕರು ೧, ೧೩೮ ಕಿಲೋ.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಹಾಯಿಲ್ ಹೊರವಲಯದ ಒಂದು ಮೇವಿನ ಪ್ರಯೋಗ ಕೇಂದ್ರದಲ್ಲಿ ದಾಖಲೆ ಬರೆಯುವ ಕೆಲಸ. ಮಾಂಸಕ್ಕಾಗಿ ದನ ಸಾಕುವವರ ದೊಡ್ಡಿಗಳಿಗೆ ಹೋಗಿ, ಯಾವ ಮೇವಿಗೆ ಕರು ಎಷ್ಟು ಬೆಳೆಯಿತು ಎಂದು ಅಳೆದು, ತಿಳಿದದ್ದನ್ನು ಅವರಿಗೇ ತಿರುಗಿ ಹೇಳುವುದು ಕೇಂದ್ರದ ಉದ್ದೇಶ. ಅಳೆಯುವವರು ಈಜಿಪ್ಟಿನ ಒಬ್ಬ ಪಶುವೈದ್ಯ ಡಾಕ್ಟರು. ಬರೆಯುವವನು ನಾನು. ಇಬ್ಬರನ್ನೂ ಹೊತ್ತು ತಿರುಗುತ್ತಿದ್ದವನು ಉಡುಪಿ ಕಡೆಯ ಒಬ್ಬ ಡ್ರೈವರ್. ಹತ್ತು ವರ್ಷದಿಂದ ಅಲ್ಲೇ ಇದ್ದುದರಿಂದ ಅರಬ್ಬಿ ಅವನಿಗೆ ನೀರು ಕುಡಿದಷ್ಟು ಸುಲಭ. ಊರಿನ ನನ್ನ ಮನೆಯಲ್ಲಿ ನಾವು ಬ್ಯಾರಿ ಭಾಷೆ ಮಾತಾಡುತ್ತಿದ್ದೆವು, ಆದರೆ ನನ್ನ ದಿನಚರಿ ಶಾಲೆಯ ಕಾಲದಿಂದಲೂ ಕನ್ನಡದಲ್ಲೇ. ಹೊತ್ತು, ಗಾಳಿ, ತಿಂದ ರೊಟ್ಟಿಗಳ ಸಂಖ್ಯೆ, ಎಲ್ಲವೂ ಅದರಲ್ಲಿ ಬೀಳುತ್ತಿತ್ತು.

"ಎಂತ ಮಾರಾಯ, ಕರು ತೂಕ ಮಾಡ್ಲಿಕ್ಕೆ ಬಂದದ್ದಾ, ಕತೆ ಬರೀಲಿಕ್ಕೆ ಬಂದದ್ದಾ?" ಎಂದು ಡ್ರೈವರ್ ಕೇಳುತ್ತಿದ್ದ. "ಆ ಪುಸ್ತಕಕ್ಕೂ ಇಲ್ಲಿ ಇರ್ಲಿಕ್ಕೆ ಒಂದು ಇಕಾಮಾ ಮಾಡಿಸು. ನಿನಗಿಂತ ಅದೇ ಜಾಸ್ತಿ ಕೆಲಸ ಮಾಡ್ತದೆ."

ದೊಡ್ಡಿಯ ಯಜಮಾನರು ಎಪ್ಪತ್ತರ ಆಸುಪಾಸಿನವರು. ಅವರ ತಂದೆ ಒಂಟೆ ಸಾಕಿದವರು, ಇವರು ದನಕ್ಕೆ ಬಂದರು. ದೊಡ್ಡಿಯ ಪಕ್ಕದಲ್ಲಿ ಅವರದೇ ಖರ್ಜೂರದ ತೋಟವಿತ್ತು. ತಿಂದು ಬಿಟ್ಟ ಖರ್ಜೂರದ ಬೀಜಗಳನ್ನು ಪುಡಿ ಮಾಡಿ, ಬಾರ್ಲಿಯ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಬೆರೆಸಿ ಕರುಗಳಿಗೆ ಹಾಕಿದರೆ ಹೇಗೆ ಎಂಬುದೇ ನಮ್ಮ ಪ್ರಯೋಗ. ಹನ್ನೆರಡು ಕರುಗಳಿಗೆ ಬೀಜ ಬೆರೆಸಿದ ಮೇವು, ಹನ್ನೆರಡಕ್ಕೆ ಬರೀ ಬಾರ್ಲಿಯದು. ನಡುವೆ ಒಂದು ಬೇಲಿ, ಎರಡೂ ಬದಿಗೆ ಬೇರೆ ಬೇರೆ ನೀರಿನ ತೊಟ್ಟಿ. ಬೀಜ ಪುಡಿಯಾಗುವಾಗ ಹುರಿದ ಕಾಫಿಯಂಥ ಪರಿಮಳ ಏಳುತ್ತಿತ್ತು. ಆ ಪರಿಮಳದಲ್ಲಿ ನಾನು ಎಷ್ಟೋ ಮಧ್ಯಾಹ್ನ ಮೇವಿನ ಮೂಟೆಗೆ ಒರಗಿ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹಾಗೆ ಕುಳಿತಿದ್ದೇನೆ. ಕರುಗಳು ಮೆಲುಕು ಹಾಕುವ ಸದ್ದು ದೂರದ ಕಡಲಿನಂತೆ ಕೇಳುತ್ತಿತ್ತು.

ಯಜಮಾನರ ಮಗನಿಗೆ ದೊಡ್ಡಿ ಬೇಡವಾಗಿತ್ತು. ಸುತ್ತಮುತ್ತ ಎಲ್ಲರೂ ಗೋಧಿಗೆ ಇಳಿದಿದ್ದ ವರ್ಷಗಳು ಅವು. ಬಾವಿಯ ಬಳಿ ನೆಟ್ಟ ಉದ್ದನೆಯ ಕೊಳವೆ, ಗಾಲಿಗಳ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ನೀರು ಚಿಮ್ಮುತ್ತ, ಮರಳಿನ ಮೇಲೆ ಗೋಧಿಯ ಹಸಿರು ವೃತ್ತ ಬರೆಯುತ್ತಿತ್ತು. ಅಂಥದೊಂದು ವೃತ್ತ ಬರಬೇಕಾದರೆ ದೊಡ್ಡಿ ಹೋಗಬೇಕಿತ್ತು. ಕೊನೆಗೆ ತಂದೆ ಮಗ ಒಂದು ಒಪ್ಪಂದಕ್ಕೆ ಬಂದಿದ್ದರು. ಜನವರಿ ಹದಿನೇಳರ ಗುರುವಾರ ಕೇಂದ್ರದವರು ಅಲ್ಲೇ ಡೇರೆ ಹಾಕಿ ಸುತ್ತಲಿನ ದನಗಾರರನ್ನು ಕರೆದು ಫಲಿತಾಂಶ ಓದುವುದಿತ್ತು. ಬೀಜ ಒಳ್ಳೆಯದೆಂದು ನಮ್ಮ ಪುಸ್ತಕ ಹೇಳಿದರೆ ದನ ಉಳಿಯುತ್ತದೆ. ಇಲ್ಲವಾದರೆ ಗೋಧಿ. ಯಜಮಾನರು ಇದನ್ನು ಮೊದಲ ದಿನವೇ ನನ್ನ ಪುಸ್ತಕದ ಮೇಲೆ ಬೆರಳಿಟ್ಟು ಹೇಳಿದ್ದರು.

ಮೊದಲ ತೂಕ ಆದ ಮೇಲೆ, ತೂಗುವಾಗ ಕರುಗಳು ಬೆರೆತು ಹೋಗಬಾರದೆಂದು ಬೀಜ ತಿನ್ನುವ ಹನ್ನೆರಡರ ಬೆನ್ನಿಗೆ ನಾನು ಬಣ್ಣ ಬಳಿದೆ. ಡಬ್ಬಿಗಳು ಎರಡಿದ್ದವು, ಕೆಂಪು ಮತ್ತು ನೀಲಿ. ದೂರಕ್ಕೆ ಕಾಣುತ್ತದೆಂದು ಕೆಂಪನ್ನು ಆರಿಸಿದೆ.

ಹದಿನಾಲ್ಕು ದಿನಕ್ಕೊಮ್ಮೆ, ಶನಿವಾರ ಬೆಳಿಗ್ಗೆ ತೂಕ. ಹಿಂದಿನ ಸಂಜೆಯಿಂದ ಕರುಗಳಿಗೆ ನೀರು ಕೊಡಬಾರದು, ಯಾಕೆಂದರೆ ಬಾಯಾರಿದ ಕರು ಒಂದೇ ಗುಟುಕಿಗೆ ಎಂಬಂತೆ ಹತ್ತು ಕಿಲೋ ನೀರು ಹೀರಿಬಿಡುತ್ತದೆ. ದೊಡ್ಡಿ ನೋಡಿಕೊಳ್ಳುತ್ತಿದ್ದ ಸುಡಾನಿನ ಮುದುಕನಿಗೆ ಯಜಮಾನರ ಮೂಲಕ ಇದನ್ನು ಹೇಳಿಸಿದ್ದೆವು. ಎತ್ತರದ ಆಳು, ಬಿಳಿ ಮುಂಡಾಸು, ಮಾತು ಕಡಿಮೆ. ಶುಕ್ರವಾರ ಸಂಜೆ ಅವನು ತೊಟ್ಟಿಗಳ ಮೇಲೆ ಹಲಗೆ ಮುಚ್ಚುವುದನ್ನು ನಾನೇ ಎರಡು ಸಲ ನೋಡಿದ್ದೆ.

ಎರಡನೇ ತೂಕದ ದಿನವೇ ಕೆಂಪು ಕರುಗಳು ಮುಂದೆ ಹೋದವು. ಹದಿನಾಲ್ಕು ದಿನದಲ್ಲಿ ಉಳಿದವು ಸರಾಸರಿ ಹನ್ನೆರಡು ಕಿಲೋ ಏರಿದ್ದರೆ ಇವು ಇಪ್ಪತ್ತಮೂರು. ಯಜಮಾನರು ತಕ್ಕಡಿಯ ಕಡ್ಡಿ ಅಲುಗಾಡುವುದನ್ನು ನೋಡುತ್ತ ನಿಂತರು, ಆಮೇಲೆ ಒಳಗೆ ಹೋಗಿ, ನಮಗೆ ಏಲಕ್ಕಿ ಹಾಕಿದ ಖಹ್ವಾ ಕಾಫಿ ತಂದು ತಾವೇ ಬಗ್ಗಿಸಿದರು. ಡಿಸೆಂಬರ್ ಮುಗಿಯುವಷ್ಟರಲ್ಲಿ ಅವರ ಕೊಟ್ಟಿಗೆ ನೆರೆಹೊರೆಯವರ ಖರ್ಜೂರದ ಬೀಜಗಳಿಂದ ತುಂಬಿತ್ತು. ಕೆಂಪು ಬೆನ್ನಿನ ಕರುಗಳು ಬಿಸಿಲಿಗೆ ಮೈಯೊಡ್ಡಿ ನಿಂತಾಗ, ಬೆಟ್ಟದ ಬಣ್ಣ ಇಳಿದು ಅವುಗಳ ಮೇಲೆ ಕೂತಿದೆಯೇನೋ ಎನಿಸುತ್ತಿತ್ತು. ನಾವೆಲ್ಲ ಒಂದೇ ಕನಸಿನಲ್ಲಿದ್ದೆವು.

ಜನವರಿ ೧೨, ಶನಿವಾರ, ಮಧ್ಯಾಹ್ನ ಎರಡು ಗಂಟೆ. ಐದನೇ ತೂಕ ಮುಗಿಸಿ, ಗುರುವಾರದ ಸಭೆಗಾಗಿ ದೊಡ್ಡ ಹಾಳೆಯ ಮೇಲೆ ಎರಡು ಗೆರೆ ಎಳೆಯುತ್ತಿದ್ದೆ. ಕೆಂಪು ಕರುಗಳಿಗೆ ಒಂದು, ಉಳಿದವಕ್ಕೆ ಒಂದು. ಕೆಂಪು ಗೆರೆ ಮೊದಲ ಹದಿನಾಲ್ಕು ದಿನದಲ್ಲಿ ಮೇಲಕ್ಕೆ ಹಾರಿತ್ತು. ಆಮೇಲೆ ಹಾರಲಿಲ್ಲ. ಹನ್ನೆರಡು, ಹನ್ನೆರಡು, ಹನ್ನೆರಡು. ಅತ್ತ ಕಡೆಯೂ ಅಷ್ಟೇ. ಎರಡು ಗೆರೆಗಳು ರೈಲು ಹಳಿಯ ಹಾಗೆ, ಒಂದನ್ನೊಂದು ಮುಟ್ಟದೆ, ಜೊತೆಯಾಗಿ ಹೋಗುತ್ತಿದ್ದವು. ಮೇವು ಒಳ್ಳೆಯದಾದರೆ ಅದು ಒಂದೇ ಸಲ ಒಳ್ಳೆಯದಾಗಿ ಸುಮ್ಮನಾಗುವುದೇ?

ದಿನಚರಿ ತಿರುವಿದೆ. ಡಿಸೆಂಬರ್ ೧: "ಕೆಂಪು ಬದಿಯ ತೊಟ್ಟಿಯ ಸುತ್ತ ಮಣ್ಣು ಒದ್ದೆ. ಇಬ್ಬನಿ ಇರಬೇಕು." ಡಿಸೆಂಬರ್ ೧೫: "ಮಣ್ಣು ಒದ್ದೆ. ಇಬ್ಬನಿ." ಡಿಸೆಂಬರ್ ೨೯: "ಇಬ್ಬನಿ. ಕರುಗಳ ಮೂತಿಯಲ್ಲೂ ಹನಿ, ಚೆಂದ ಕಾಣುತ್ತವೆ." ನಾನೇ ಬರೆದದ್ದು. ಇಬ್ಬನಿ ಬೇಲಿ ನೋಡಿಕೊಂಡು ಒಂದೇ ಬದಿಗೆ ಬೀಳುತ್ತದೆಯೇ ಎಂದು ಕೇಳಿಕೊಳ್ಳಲು ನನಗೆ ಆರು ವಾರ ಬೇಕಾಯಿತು.

ಮರುದಿನ ಬೆಳಿಗ್ಗೆ ಡ್ರೈವರನ್ನು ಕರೆದುಕೊಂಡು ದೊಡ್ಡಿಗೆ ಹೋದೆ. ಸುಡಾನಿನ ಮುದುಕ ಬೇಲಿಗೆ ಒರಗಿ ಹಲ್ಲುಜ್ಜುವ ಕಡ್ಡಿ ಜಗಿಯುತ್ತಿದ್ದ. ನಾನು ಕೇಳಿದ್ದನ್ನು ಡ್ರೈವರ್ ಅರಬ್ಬಿಯಲ್ಲಿ ಕೇಳಿದ. ಮುದುಕ ಮುಚ್ಚಿಡಲಿಲ್ಲ. ಅವನು ಹೇಳಿದ್ದನ್ನು ಡ್ರೈವರ್ ತುಂಡು ತುಂಡಾಗಿ ನನಗೆ ದಾಟಿಸಿದ.

"ತೂಕದ ದಿನ ಬೆಳಗಿನ ನಮಾಜಿಗೆ ಮೊದಲು ಕೆಂಪಿನವಕ್ಕೆ ನೀರು ಬಿಡ್ತೇನೆ ಅಂತಾನೆ. ಬೆನ್ನಿಗೆ ಕೆಂಪು ಹಚ್ಚಿದ್ದು ಕೊಯ್ಲಿಕ್ಕೆ ಅಲ್ವಾ ಅಂತ ಕೇಳ್ತಾನೆ. ಕೊಯ್ಯುವ ಪ್ರಾಣಿಯನ್ನು ಬಾಯಾರಿಸಿ ಕಳಿಸ್ಲಿಕ್ಕೆ ಆಗುದಿಲ್ವಂತೆ."

"ಆದರೆ ಪ್ರತಿ ಸಲ ತಕ್ಕಡಿಯಿಂದ ತಿರುಗಿ ಬರುತ್ತಿದ್ದವಲ್ಲ?"

ಮುದುಕ ನನ್ನ ಪ್ರಶ್ನೆಗೆ ನಕ್ಕ. "ಬಂದವು. ಅಲ್ಹಮ್ದುಲಿಲ್ಲಾ ಅಂದೆ. ಮುಂದಿನ ಸಲ ಬರದಿದ್ದರೆ?"

ನಾವು ಬೀಜದ ಲೆಕ್ಕಕ್ಕೆ ಬರೆದ ಹನ್ನೊಂದು ಕಿಲೋ, ಪ್ರತಿ ಸಲವೂ ಅವುಗಳ ಹೊಟ್ಟೆಯಲ್ಲಿದ್ದ ಈ ನೀರು. ನನ್ನ ತಲೆ ತಗ್ಗಿತು. ನಮ್ಮೂರ ಸಂತೆಯಲ್ಲೂ ಕಸಾಯಿಯವನು ಆರಿಸಿದ ದನದ ಬೆನ್ನಿಗೆ ಕೆಂಪು ಬಳಿಯುತ್ತಿದ್ದ. ಬಕ್ರೀದಿನ ಬೆಳಿಗ್ಗೆ ಆಡಿನ ಮುಂದೆ ನೀರಿನ ಪಾತ್ರೆ ಇಡುವುದು ಚಿಕ್ಕಂದಿನಲ್ಲಿ ನನ್ನದೇ ಕೆಲಸವಾಗಿತ್ತು. ಆ ಮುದುಕ ಮಾಡಿದ್ದು ನಾನೂ ಮಾಡುತ್ತಿದ್ದದ್ದನ್ನೇ. ಕೆಂಪು ಡಬ್ಬಿಗೆ ಕೈ ಹಾಕಿದಾಗ ಅದೆಲ್ಲ ನನಗೆ ನೆನಪಾಗಲಿಲ್ಲ, ಅಷ್ಟೇ.

ವಾಪಸು ಬರುವಾಗ ಡ್ರೈವರ್ ಪಿಕಪ್ಪನ್ನು ಮೆಲ್ಲಗೆ ಓಡಿಸಿದ. ರಸ್ತೆಯ ಕೊನೆಯಲ್ಲಿ ಬಿಸಿಲುಕುದುರೆಯ ನೀರು ಹೊಳೆದು ಹೊಳೆದು ಹಿಂದೆ ಸರಿಯುತ್ತಿತ್ತು.

"ಸುಮ್ಮನಿರು ಮಾರಾಯ," ಎಂದ. "ಯಜಮಾನ ಅಜ್ಜನಿಗೆ ಕರು ಬೇಕು. ನೀನು ಬಾಯಿ ಬಿಟ್ಟರೆ ಆ ಮಗ ನಾಳೆಯೇ ಬುಲ್ಡೋಜರ್ ತರ್ತಾನೆ. ನಿನಗೆ ಎಂತ ಸಿಗ್ತದೆ?"

"ಉಳಿದ ದನಗಾರರೂ ಬೀಜ ಹಾಕಿ, ಇಲ್ಲದ ಬೆಳವಣಿಗೆಗೆ ಕಾಯುತ್ತಾರಲ್ಲ."

"ಕಾಯ್ಲಿ. ಇಲ್ಲಿ ಎಲ್ಲರೂ ಎಂತಕ್ಕಾದರೂ ಕಾಯುವವರೇ. ನಾನು ರಜೆಗೆ ಕಾಯ್ತಾ ಇಲ್ವಾ?"

ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: "ಹೇಳಿದರೆ ದೊಡ್ಡಿ ಹೋಗಬಹುದು. ಹೇಳದಿದ್ದರೆ ಈ ಪುಸ್ತಕ ಹೋಯಿತು." ಸಂಜೆ ನಾಲ್ಕೂವರೆಗೆ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು.

"ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ?"

"ಡ್ರೈವರಿಗೆ ಗೊತ್ತು."

"ಹಾಗಾದರೆ ಹಾಯಿಲಿಗೆಲ್ಲ ಗೊತ್ತಾಯಿತು. ಇನ್ನು ಯಜಮಾನರಿಗೆ ಹೇಳುವುದೊಂದೇ ಬಾಕಿ. ಅದನ್ನು ನೀನೇ ಹೇಳು."

ಸೋಮವಾರ ಹೇಳಿದೆ, ನನ್ನ ಅರೆಬರೆ ಅರಬ್ಬಿಯಲ್ಲಿ. ಯಜಮಾನರು ಸುಡಾನಿನ ಮುದುಕನ ಕಡೆ ನೋಡಿದರು. ಬೈಯುತ್ತಾರೆಂದು ನಾನು ಅಂದುಕೊಂಡಿದ್ದೆ. "ಹೀಗೆ ಕಲಿಸಿದ್ದು ನಮ್ಮ ಅಪ್ಪಂದಿರೇ," ಎಂದರು, "ಅವನನ್ನು ಏನೆಂದು ಬೈಯಲಿ?" ಆಮೇಲೆ ನನ್ನ ಕಡೆ ತಿರುಗಿ, "ಮತ್ತೆ ತೂಗು," ಎಂದರು.

ಜನವರಿ ೧೬, ಬುಧವಾರ, ಬೆಳಿಗ್ಗೆ ಆರು ಐವತ್ತು. ಯಾವ ಕರುವಿಗೂ ನೀರಿಲ್ಲ. ಅಂದು ಕವಿದ ಮಂಜಿಗೆ ಬೆಟ್ಟವೂ ಇರಲಿಲ್ಲ, ತೋಟವೂ ಇರಲಿಲ್ಲ. ಕರುಗಳು ಎಲ್ಲಿಂದಲೋ ಒಂದೊಂದಾಗಿ ಬಂದು, ತಕ್ಕಡಿಯ ಮೇಲೆ ನಿಂತು, ತಮ್ಮ ಸಂಖ್ಯೆಯನ್ನು ಬಿಟ್ಟು, ಮತ್ತೆ ಬಿಳಿಯೊಳಗೆ ಹೋಗುತ್ತಿದ್ದವು. ಸುಡಾನಿನ ಮುದುಕ ಪ್ರತಿಯೊಂದರ ಕುತ್ತಿಗೆ ಸವರುತ್ತಿದ್ದ. ಉಳಿದವುಗಳ ಸರಾಸರಿ ೧೯೪ ಕಿಲೋ, ಕೆಂಪಿನವು ೧೯೩. ಒಂದು ಕಿಲೋ ವ್ಯತ್ಯಾಸ. ನವೆಂಬರಿನ ಮೊದಲ ತೂಕದ ದಿನವೂ ಅದೇ ಒಂದು ಕಿಲೋ ಇತ್ತು.

ಗುರುವಾರ ಡೇರೆಯಲ್ಲಿ ಮೂವತ್ತೊಂದು ಜನ. ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಓದಿದರು, ನೀರಿನ ಕತೆಯನ್ನೂ ಸೇರಿಸಿ. ಹಿಂದಿನ ಸಾಲಿನಿಂದ ಯಾರೋ, "ಹಾಗಾದರೆ ನಮ್ಮ ಕರುಗಳಿಗೂ ಕೆಂಪು ಹಚ್ಚಿ, ತೂಕ ಜಾಸ್ತಿಯಾಗಲಿ!" ಎಂದು ಕೂಗಿದರು. ಡೇರೆಯ ಬಟ್ಟೆಯೇ ಕುಲುಕುವಂತೆ ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ನಗು ನಿಂತ ಮೇಲೆ ಕುಳಿತಲ್ಲಿಂದಲೇ ನನ್ನನ್ನು ಕೇಳಿದರು:

"ನಾವು ಬಿಸಾಡುವ ಬೀಜ ತಿಂದ ಕರು, ಬಾರ್ಲಿ ತಿಂದ ಕರು, ಎರಡೂ ಒಂದೇ ಸಮ ಬೆಳೆದವೇ?"

"ಹೌದು."

"ಕಡಿಮೆ ಬೆಳೆಯಲಿಲ್ಲ?"

"ಇಲ್ಲ."

ಅವರು ಮಗನ ಕಡೆ ನೋಡಿದರು. ಮಗ, "ಹೆಚ್ಚೂ ಬೆಳೆಯಲಿಲ್ಲ ಅಪ್ಪಾ," ಎಂದ. ಮೆಲ್ಲಗೇ ಹೇಳಿದ.

"ಕಸ ತಿಂದು ಬಾರ್ಲಿಯಷ್ಟು ಬೆಳೆದಿವೆ. ನಿನ್ನನ್ನು ಅಷ್ಟು ಅಗ್ಗಕ್ಕೆ ಬೆಳೆಸಲು ನನ್ನಿಂದ ಆಗಲಿಲ್ಲ," ಎಂದರು ಯಜಮಾನರು. ಈಗ ಮಗನೂ ನಕ್ಕುಬಿಟ್ಟ. ಆದರೆ ಒಪ್ಪಿದೆ ಎಂದು ಹೇಳಲಿಲ್ಲ. ಮುಂದಿನ ಖರ್ಜೂರದ ಕೊಯ್ಲಿನವರೆಗೆ ದೊಡ್ಡಿ ಇರಲಿ, ಆಮೇಲೆ ಕೂತು ನೋಡೋಣ ಎಂದು ಎದ್ದು ಹೋದ. ಯಜಮಾನರು ಅವನು ಹೋದ ದಾರಿಯನ್ನೇ ನೋಡುತ್ತ, ಕೈಯಲ್ಲಿದ್ದ ಖರ್ಜೂರ ತಿಂದು, ಬೀಜವನ್ನು ಜೇಬಿಗೆ ಹಾಕಿಕೊಂಡರು.

ಫೆಬ್ರವರಿಯಲ್ಲಿ ನನ್ನ ಕರಾರು ಮುಗಿಯಿತು. ಕೊನೆಯ ಸಲ ದೊಡ್ಡಿಗೆ ಹೋದ ದಿನ ಹನ್ನೆರಡು ಕರುಗಳ ಬೆನ್ನಿನ ಕೆಂಪನ್ನು ತೊಳೆದು ನೀಲಿ ಬಳಿದೆ. ಸುಡಾನಿನ ಮುದುಕ ಸುತ್ತ ಬಂದು ನೋಡಿ ತಲೆಯಾಡಿಸಿದ. ನಾನು ಪಿಕಪ್ ಹತ್ತುವಷ್ಟರಲ್ಲಿ ಅವನು ಒಂದು ಬಟ್ಟಲು ನೀರು ತಂದು ನನ್ನ ಕೈಗೆ ಕೊಟ್ಟ. ಕುಡಿಯುವವರೆಗೂ ನಿಂತೇ ಇದ್ದ.

"ಬೆನ್ನು ನೋಡಿಕೋ ಮಾರಾಯ," ಎಂದ ಡ್ರೈವರ್. "ಕೆಂಪು ಉಂಟಾ ಅಂತ."

ಈಗ ೧೯೮೭. ನಾನು ಜಿದ್ದಾದ ಬಂದರಿನಲ್ಲಿ ಸರಕಿನ ದಾಖಲೆ ಬರೆಯುತ್ತೇನೆ. ಸಮುದ್ರದ ಕಡೆಯಿಂದ ಮಂಜು ಬಂದ ಬೆಳಿಗ್ಗೆ, ಕ್ರೇನುಗಳ ನಡುವೆ ಆ ಕರುಗಳು ಒಂದೊಂದಾಗಿ ನಡೆದು ಬರುವಂತೆ ಅನಿಸುತ್ತದೆ. ಡ್ರೈವರ್ ಊರಿಗೆ ಹೋದ, ಡಾಕ್ಟರು ಕೈರೋಗೆ. ಹಾಯಿಲ್ ಕಡೆಯಿಂದ ಬರುವ ಲಾರಿಯವರನ್ನು ಕೇಳಿದರೆ, ರಸ್ತೆಯ ಎರಡೂ ಬದಿಗೆ ಗೋಧಿಯ ಹಸಿರು ವೃತ್ತಗಳು ಎನ್ನುತ್ತಾರೆ. ಅವುಗಳ ನಡುವೆ ಒಂದು ದೊಡ್ಡಿ ಉಳಿದಿದೆಯೇ ಎಂದರೆ, ಅಷ್ಟು ವೇಗದಲ್ಲಿ ಹೋಗುವಾಗ ಯಾರು ನೋಡುತ್ತಾರೆ ಎನ್ನುತ್ತಾರೆ.

೧೯೮೫ರ ಖರ್ಜೂರದ ಕೊಯ್ಲಿನ ನಂತರ ಆ ಕಡೆ ಕೆಲಸ ಮಾಡಿದ ನಮ್ಮವರು ಇದನ್ನು ಓದಿದರೆ, ಪ್ರಕಾಶಕರ ಮೂಲಕ ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಅಜಾ ಬೆಟ್ಟದ ಎದುರಿಗೆ, ಖರ್ಜೂರದ ತೋಟದ ಪಕ್ಕ, ನಡುವೆ ಬೇಲಿ ಹಾಕಿ ಎರಡು ತೊಟ್ಟಿ ಇಟ್ಟ ಒಂದು ದೊಡ್ಡಿ. ಅದು ಇದೆಯೇ? ಇದ್ದರೆ, ಎಷ್ಟು ಕರುಗಳಿವೆ ಎಂದು ಎಣಿಸಿ, ನೋಡಿದ ತಾರೀಖನ್ನೂ ಸೇರಿಸಿ ಬರೆಯಿರಿ. ದಿನಚರಿಯಲ್ಲಿ ಆ ದೊಡ್ಡಿಯ ಕೊನೆಯ ಪುಟದಲ್ಲಿ ಅಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇನೆ.