ಅಜ್ಜಿಯ ಬಿಳಿ ಸೀರೆ

ಮೊನ್ನೆ ಅಕ್ಕನ ಮಗಳಿಗೆ ಪೆನ್ಸಿಲ್ ಚೂಪು ಮಾಡಿಕೊಡುವಾಗ ಆ ಮರದ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು, ಯಲಹಂಕದ ಹಳೇ ಮನೆಯ ಹಜಾರ ಕಣ್ಣ ಮುಂದೆ ಬಂತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ. ಆಗ ಆ ಹಜಾರದಲ್ಲಿ ಚಿಕ್ಕಪ್ಪ ಬ್ಲೇಡಿನಿಂದ ಪೆನ್ಸಿಲ್ ಕೆತ್ತುತ್ತಾ ಕೂರುತ್ತಿದ್ದರು. ಅವರು ಡ್ರಾಯಿಂಗ್ ಮೇಷ್ಟ್ರು. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ತಮ್ಮ ಅವ್ವನನ್ನು, ಅಂದರೆ ನನ್ನ ಅಜ್ಜಿಯನ್ನು, ಐದು ಮಧ್ಯಾಹ್ನ ಕಿಟಕಿಯ ಪಕ್ಕ ಕೂರಿಸಿಕೊಂಡು ಬರೆದರು. ವಾಯುನೆಲೆಯ ವಿಮಾನ ಹಾರಿ ಕಿಟಕಿಯ ಗಾಜು ಅದುರಿದರೆ ಪೆನ್ಸಿಲ್ ಮೇಲೆತ್ತಿ, ಅದುರು ನಿಲ್ಲುವ ತನಕ ಕಾಯುತ್ತಿದ್ದರು. ಮುಖವನ್ನು ಮಾತ್ರ ರೆಪ್ಪೆ ರೆಪ್ಪೆಯಾಗಿ ತಿದ್ದಿ, ಸೀರೆಯನ್ನು ಬರೀ ಗೆರೆಗಳಲ್ಲಿ ಬಿಟ್ಟಿದ್ದರು. ಹೆಗಲಿನಿಂದ ಮಡಿಲಿಗೆ ಇಳಿದ ಒಂದು ಗೆರೆಯಂತೂ ಎಲ್ಲೂ ತಡವರಿಸಿರಲಿಲ್ಲ. ಮೈಗೆ ತಾಗಿದಲ್ಲಿ ನವಿರು, ನೆರಿಗೆ ಬಿದ್ದಲ್ಲಿ ದಪ್ಪ. ನೋಡುವವರ ಕಣ್ಣು ಅಜ್ಜಿಯ ಮುಖದಲ್ಲೇ ನಿಲ್ಲಲಿ ಎಂದು ಮಿಕ್ಕಿದ್ದನ್ನು ಅಷ್ಟು ಹಗುರ ಮಾಡಿದ್ದರು ಎನ್ನುವುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಆಗ ಕಂಡದ್ದು ಬಿಳಿ ಸೀರೆ! ನಮ್ಮ ಮನೆಗಳಲ್ಲಿ ಗಂಡ ಸತ್ತವರು ಉಡುವ ಸೀರೆ. ತಾತ ಹೊರಗೆ ಜಗಲಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿರುವಾಗ ಅಜ್ಜಿಗೆ ಇದೆಂಥ ಸೀರೆ? ಎಲ್ಲರೂ ಮಲಗಿದ್ದ ಮಧ್ಯಾಹ್ನ ಪೆನ್ಸಿಲ್ ಒತ್ತಿ ಒತ್ತಿ ಸೀರೆಯನ್ನೆಲ್ಲ ಕಪ್ಪು ಮಾಡಿ, ಚೌಕಳಿ ಅಂಚನ್ನೂ ಹಾಕಿದೆ. ಮಹಾ ಘನಂದಾರಿ ಕೆಲಸ.

ಚಿಕ್ಕಪ್ಪ ಎದ್ದು ಬಂದು ನೋಡಿದರು. "ಯಾರೇ ಇದನ್ನ ತುಂಬಿದ್ದು?"

ಹೆದರಿಕೆಗೆ ನಾಲಿಗೆ ಹೊರಳಿಬಿಟ್ಟಿತು. "ಅಜ್ಜಿನೇ ಹೇಳ್ತು. ನೀವು ಬರ್ದಿದ್ದು ಚೆನ್ನಾಗಿಲ್ಲ ಅಂತು."

"ಅವ್ವ ಅಂಗಂದ್ಲಾ?" ಎಂದವರು, "ಹೋಗ್ಲಿ ಬಿಡು" ಎಂದು ಹಾಳೆಯನ್ನು ಸುತ್ತಿ ಬೀರುವಿನ ಮೇಲಿಟ್ಟರು. ಅವ್ವನನ್ನು ಎದುರು ನಿಂತು ಕೇಳುವ ಪೈಕಿ ಅಲ್ಲ ಅವರು. ಆಮೇಲೆ ಮನೆಯಲ್ಲಿ ಯಾರನ್ನೂ ಬರೆಯಲಿಲ್ಲ.

ಈಗ ಇಬ್ಬರೂ ಇಲ್ಲ, ಆ ಹಾಳೆ ನನ್ನ ಹತ್ತಿರವಿದೆ. ಸುಳ್ಳು ಹೇಳಿದೆ ಎಂದು ಅವರಿಬ್ಬರಲ್ಲಿ ಒಬ್ಬರಿಗಾದರೂ ಹೇಳಲು ನನಗೆ ವರ್ಷಗಟ್ಟಲೆ ಸಮಯವಿತ್ತು. ಬಾಯಿ ಬರಲಿಲ್ಲ, ಥೂ. ಚಿಕ್ಕಪ್ಪ ಸ್ಕೂಲಿಗೆ ಹೋದಾಗ ಬಂದವರ ಮುಂದೆಲ್ಲ ಅಜ್ಜಿ, "ನನ್ ಮಗ ಒಂದ್ಸಲ ನನ್ ಬರ್ದ. ಈ ಮಕದಲ್ಲಿ ಅದೇನ್ ಕೊರೆ ಕಂಡ್ತೋ, ತಿರ್ಗಾ ಬರೀಲೇ ಇಲ್ಲ" ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತಿರುತ್ತಿದ್ದ ನನ್ನ ಕೆನ್ನೆ ಸವರಿ, "ನಿನ್ ಮಕ ಚೆಂದಾಗದೆ ಕಣವ್ವ, ನಿನ್ನಾದ್ರೂ ಬರೀಲಿ" ಎನ್ನುತ್ತಿದ್ದಳು.